ಬುರುಡೆಯ ತಳದ ಆಪರೇಷನ್‌ನಲ್ಲಿ ಎಆರ್: ಆ ಬಣ್ಣದ ಗೆರೆಯನ್ನು ಎಷ್ಟು ನಂಬಬಹುದು?

ಮಿದುಳು ಕೂತಿರುವ ಮೂಳೆಯ ನೆಲವನ್ನು ಬುರುಡೆಯ ತಳ ಎನ್ನುತ್ತಾರೆ. ಅದರ ಮೇಲೆ ಮಿದುಳು, ಕೆಳಗೆ ಮೂಗು ಮತ್ತು ಗಂಟಲು, ಮುಂದೆ ಕಣ್ಣಿನ ಗೂಡುಗಳು, ಎರಡೂ ಪಕ್ಕದಲ್ಲಿ ಕಿವಿ. ಈ ನೆಲ ಸಪಾಟಾಗಿಲ್ಲ. ಉಬ್ಬು, ತಗ್ಗು, ತೂತು, ಸುರಂಗಗಳಿಂದ ತುಂಬಿದೆ. ಮಿದುಳಿಗೆ ರಕ್ತ ತರುವ ನಾಳಗಳು ಈ ತೂತುಗಳಿಂದಲೇ ಮೇಲೆ ಹತ್ತಬೇಕು. ಮಿದುಳಿನಿಂದ ಹೊರಡುವ ನರಗಳು ಇವುಗಳಿಂದಲೇ ಆಚೆ ಹೋಗಬೇಕು. ನೋಡುವುದು, ಕೇಳುವುದು, ನುಂಗುವುದು, ಮಾತಾಡುವುದು, ನಗುವುದು, ಇವೆಲ್ಲಕ್ಕೂ ಬೇಕಾದ ನರಗಳು ಇಲ್ಲಿ ಇಕ್ಕಟ್ಟಿನ ಜಾಗದಲ್ಲಿ ಒತ್ತೊತ್ತಾಗಿ ಹಾದುಹೋಗುತ್ತವೆ.

ಇಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಹಲವು ಕ್ಯಾನ್ಸರ್ ಅಲ್ಲ. ಮಿದುಳಿನ ಕೆಳಗೆ ಕೂತು ಹಾರ್ಮೋನ್ ತಯಾರಿಸುವ ಪಿಟ್ಯುಟರಿ ಗ್ರಂಥಿಯ ಗಡ್ಡೆ, ಕಿವಿಯ ಸಮತೋಲನದ ನರದ ಮೇಲೆ ಬೆಳೆಯುವ ಅಕೌಸ್ಟಿಕ್ ನ್ಯೂರೋಮಾ, ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ, ಇವು ಹೆಚ್ಚಾಗಿ ನಿಧಾನಕ್ಕೆ ಬೆಳೆಯುವಂಥವು. ಬೇರೆ ಎಲ್ಲಾದರೂ ಇದ್ದಿದ್ದರೆ ತೆಗೆಯುವುದು ಇಷ್ಟು ಕಷ್ಟ ಆಗುತ್ತಿರಲಿಲ್ಲ. ಕಷ್ಟ ಇರುವುದು ಗಡ್ಡೆಯಲ್ಲಿ ಅಲ್ಲ, ಅದರ ನೆರೆಹೊರೆಯಲ್ಲಿ.

ಅಳತೆಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಮಿದುಳಿಗೆ ರಕ್ತ ಕೊಡುವ ಒಳ ಕೆರೋಟಿಡ್ ನಾಳ ಸುಮಾರು 5 ಮಿಲಿಮೀಟರ್ ದಪ್ಪ. ಕಣ್ಣಿನ ನರ ಸುಮಾರು 4 ಮಿಲಿಮೀಟರ್. ಮುಖದ ಸ್ನಾಯುಗಳನ್ನು ಆಡಿಸುವ ನರ ಕಿವಿಯ ಹಿಂದಿನ ಮೂಳೆಯೊಳಗೆ ಸುತ್ತಿಬಳಸಿ ಸಾಗುತ್ತದೆ, ಅದರ ದಪ್ಪ ಸುಮಾರು 1 ಮಿಲಿಮೀಟರ್. ಕಿವಿ ಕೇಳದವರ ಒಳಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಕೇಳುವ ಸಾಧನ ಹಾಕುವಾಗ ಸರ್ಜನ್ ಆ ನರಕ್ಕೂ ಅದರ ಒಂದು ಕವಲಿಗೂ ನಡುವೆ ಇರುವ 2–3 ಮಿಲಿಮೀಟರ್ ಸಂದಿಯಲ್ಲೇ ಡ್ರಿಲ್ ಇಳಿಸಬೇಕು. ಇವುಗಳಲ್ಲಿ ಯಾವುದೂ ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಬರೀ ಬಿಳಿ ಮೂಳೆ. ಅಪಾಯ ಮೂಳೆಯ ಆಚೆ ಇದೆ, ಡ್ರಿಲ್ ಈಚೆಯಿಂದ ಹೋಗುತ್ತಿದೆ.

ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್, ಈ ಜಾಗಕ್ಕೆ ಬಂದಿರುವುದು ಇದಕ್ಕಾಗಿಯೇ. ಆಪರೇಷನ್‌ಗೆ ಮುಂಚೆ ತೆಗೆದ ಸಿಟಿ ಮತ್ತು ಎಂಆರ್‌ಐ ಸ್ಕ್ಯಾನ್‌ನಿಂದ ಕೆರೋಟಿಡ್, ನರಗಳು, ಗಡ್ಡೆ ಇವುಗಳ ಆಕಾರವನ್ನು ಕಂಪ್ಯೂಟರ್‌ನಲ್ಲಿ ಬಿಡಿಸುತ್ತಾರೆ. ಆಪರೇಷನ್ ನಡೆಯುವಾಗ ಆ ಆಕಾರಗಳನ್ನು ಸರ್ಜನ್ ನೋಡುತ್ತಿರುವ ನೋಟದ ಮೇಲೆಯೇ ಬಣ್ಣದ ಗೆರೆಗಳಾಗಿ ಕೂರಿಸುತ್ತಾರೆ. ಮೂಳೆಯ ಮೇಲೆ ಕೆಂಪು ಗೆರೆ ಕಂಡರೆ ಅದರ ಹಿಂದೆ ಕೆರೋಟಿಡ್ ಇದೆ ಎಂದರ್ಥ. ಮೂಳೆ ಪಾರದರ್ಶಕ ಆದ ಹಾಗೆ.

ಕೇಳಲು ಬಹಳ ಚೆನ್ನಾಗಿದೆ, ನೋಡಲು ಇನ್ನೂ ಚೆನ್ನಾಗಿರುತ್ತದೆ. ಈ ತಂತ್ರದಿಂದ ಬಹಳ ಜನರಿಗೆ ಒಳ್ಳೆಯದಾಗಬಹುದು ಎಂದು ನಾನು ಮನಸಾರೆ ನಂಬುತ್ತೇನೆ. ಆದರೆ ಈ ಬಗ್ಗೆ ಬರುವ ಹೆಚ್ಚಿನ ಸುದ್ದಿಗಳು ಚಿತ್ರದ ಚಂದವನ್ನೇ ಹೊಗಳಿ ಮುಗಿಯುತ್ತವೆ. ಕೇಳಬೇಕಾದ್ದು ಬೇರೆ. ಆ ಗೆರೆ ಸರಿಯಾದ ಜಾಗದಲ್ಲಿದೆಯಾ? ಇಲ್ಲದಿದ್ದರೆ ಅದು ಸರ್ಜನ್‌ಗೆ ಹೇಗೆ ಗೊತ್ತಾಗುತ್ತದೆ?

ಇದು ನಿನ್ನೆ ಮೊನ್ನೆಯದಲ್ಲ

ಮೂಗಿನ ದಾರಿಯಿಂದ ಪಿಟ್ಯುಟರಿ ಗಡ್ಡೆಯನ್ನು ತಲುಪುವ ಆಪರೇಷನ್ ಶುರುವಾಗಿ ನೂರು ವರ್ಷ ದಾಟಿದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲೋಫರ್ 1907ರಲ್ಲಿ ಅದನ್ನು ಮಾಡಿದರು. ಆಗ ಸಿಟಿ ಇರಲಿಲ್ಲ, ಆಪರೇಷನ್‌ಗೆ ಮೈಕ್ರೋಸ್ಕೋಪ್ ಇರಲಿಲ್ಲ, ಬರೀ ಎಕ್ಸ್‌ರೇ ಇತ್ತು. ಮಿದುಳಿನ ಮೊದಲ ಸಿಟಿ ಸ್ಕ್ಯಾನ್ ಲಂಡನ್‌ನಲ್ಲಿ ಆಗಿದ್ದು 1971ರಲ್ಲಿ. ಅದರ ಹಿಂದಿದ್ದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ 1979ರಲ್ಲಿ ಆಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಹಂಚಿಕೊಂಡರು.

ಸಿಟಿ ಬಂದ ಮೇಲೆ ಸರ್ಜನ್‌ಗಳ ಮುಂದೆ ಹೊಸ ಸಮಸ್ಯೆ ಬಂತು. ತಲೆಯೊಳಗಿನ ನಕ್ಷೆ ಕೈಗೆ ಸಿಕ್ಕಿತು, ಆದರೆ ಅದು ಗೋಡೆಯ ಮೇಲೆ ತೂಗುಹಾಕಿದ ಫಿಲಂನಲ್ಲಿತ್ತು, ರೋಗಿ ಟೇಬಲ್ ಮೇಲಿದ್ದರು. ಎರಡನ್ನೂ ಜೋಡಿಸುವುದು ಹೇಗೆ? ಅಮೆರಿಕದ ಡಾರ್ಟ್‌ಮತ್‌ನಲ್ಲಿ ಡೇವಿಡ್ ರಾಬರ್ಟ್ಸ್ ಮತ್ತು ಸಂಗಡಿಗರು 1986ರಲ್ಲಿ ಒಂದು ಉತ್ತರ ಪ್ರಕಟಿಸಿದರು. ಆಪರೇಷನ್ ಮೈಕ್ರೋಸ್ಕೋಪ್ ಎಲ್ಲಿದೆ ಎನ್ನುವುದನ್ನು ಶಬ್ದದ ಅಲೆಗಳಿಂದ ಅಳೆದು, ಸಿಟಿಯಲ್ಲಿ ಕಂಡ ಗಡ್ಡೆಯ ಗೆರೆಯನ್ನು ಮೈಕ್ರೋಸ್ಕೋಪಿನ ನೋಟದೊಳಗೇ ಬೀಳಿಸಿದರು. ಇಂದು ಎಆರ್ ಎಂದು ನಾವು ಕರೆಯುವುದು ಹೆಚ್ಚುಕಡಿಮೆ ಅದೇ. ಆ ಹೆಸರು ಹುಟ್ಟಿದ್ದು ಅದಾದ ಮೇಲೆ, 1990ರ ದಶಕದ ಆರಂಭದಲ್ಲಿ, ಬೋಯಿಂಗ್‌ನಲ್ಲಿ ವಿಮಾನದ ವೈರಿಂಗ್ ಜೋಡಿಸುವವರಿಗೆ ನೆರವಾಗಲು ಹೊರಟ ಎಂಜಿನಿಯರ್‌ಗಳಿಂದ.

ನಂತರದ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಬೇರೂರಿದ್ದು ಎಆರ್ ಅಲ್ಲ, ಅದರ ಸರಳ ರೂಪವಾದ ನ್ಯಾವಿಗೇಶನ್. ಸರ್ಜನ್ ಒಂದು ಕಡ್ಡಿಯಂಥ ಉಪಕರಣವನ್ನು ಮೂಳೆಗೆ ಮುಟ್ಟಿಸುತ್ತಾರೆ. ಪಕ್ಕದ ಪರದೆಯಲ್ಲಿ ಸಿಟಿಯ ಮೂರು ಚಿತ್ರಗಳ ಮೇಲೆ ಆ ಜಾಗಕ್ಕೆ ಗುರುತು ಬೀಳುತ್ತದೆ. ಇದು ಇಂದು ಬುರುಡೆಯ ತಳದ ಆಪರೇಷನ್‌ಗಳಲ್ಲಿ ಮಾಮೂಲಿ. ತೊಂದರೆ ಏನೆಂದರೆ, ಪ್ರತಿ ಸಲ ಡ್ರಿಲ್ ನಿಲ್ಲಿಸಿ, ಕಡ್ಡಿ ಹಿಡಿದು, ತಲೆ ತಿರುಗಿಸಿ ಪರದೆ ನೋಡಬೇಕು. ಮೂರು ಚಪ್ಪಟೆ ಚಿತ್ರಗಳನ್ನು ಮನಸ್ಸಿನಲ್ಲೇ ಸೇರಿಸಿ ಆಕಾರ ಕಟ್ಟಿಕೊಳ್ಳಬೇಕು. ಅನುಭವ ಇರುವವರಿಗೆ ಇದು ರೂಢಿಯಾಗಿರುತ್ತದೆ, ಕಲಿಯುತ್ತಿರುವವರಿಗೆ ಬಹಳ ಕಷ್ಟ. ಎಆರ್ ತಪ್ಪಿಸಲು ನೋಡುವುದು ಈ ಓಡಾಟವನ್ನೇ.

ಗೆರೆ ತೋರಿಸಲು ಇಂದು ಮುಖ್ಯವಾಗಿ ಮೂರು ದಾರಿಗಳಿವೆ. ಮೈಕ್ರೋಸ್ಕೋಪಿನ ಕಣ್ಣೊಳಗೆ ಗೆರೆ ಬೀಳಿಸುವುದು, ಎಂಡೋಸ್ಕೋಪಿನ, ಅಂದರೆ ಒಳಗೆ ತೂರಿಸುವ ಕ್ಯಾಮೆರಾ ಕೊಳವೆಯ, ವಿಡಿಯೋ ಮೇಲೆ ಬಿಡಿಸುವುದು, ತಲೆಗೆ ಹಾಕುವ ಹೆಡ್‌ಸೆಟ್‌ನಲ್ಲಿ ತೋರಿಸುವುದು. ಸುದ್ದಿಯಲ್ಲಿ ಜಾಸ್ತಿ ಕಾಣುವುದು ಮೂರನೆಯದು. ಬುರುಡೆಯ ತಳಕ್ಕೆ ಜಾಸ್ತಿ ಹೊಂದುವುದು ಮೊದಲ ಎರಡು, ಯಾಕೆಂದರೆ ಸರ್ಜನ್ ಹೇಗೂ ಅವುಗಳ ಮೂಲಕವೇ ನೋಡುತ್ತಿರುತ್ತಾರೆ. ಹೆಡ್‌ಸೆಟ್‌ನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಲ್ಲವೂ ನಿಂತಿರುವುದು ಹೊಂದಾಣಿಕೆಯ ಮೇಲೆ

ಸ್ಕ್ಯಾನ್‌ನಲ್ಲಿರುವ ತಲೆಯನ್ನೂ ಟೇಬಲ್ ಮೇಲಿರುವ ತಲೆಯನ್ನೂ ಒಂದಕ್ಕೊಂದು ಕೂರಿಸುವ ಕೆಲಸಕ್ಕೆ ರಿಜಿಸ್ಟ್ರೇಶನ್ ಎನ್ನುತ್ತಾರೆ. ಇಡೀ ತಂತ್ರದ ಜೀವ ಇರುವುದು ಇಲ್ಲೇ.

ರೋಗಿಯ ತಲೆಯನ್ನು ಮೂರು ಮೊನೆಗಳ ಹಿಡಿಕೆಯಲ್ಲಿ ಅಲ್ಲಾಡದಂತೆ ಬಿಗಿಯುತ್ತಾರೆ. ಆ ಹಿಡಿಕೆಗೆ ಬೆಳಕನ್ನು ಹಿಂದಕ್ಕೆ ಎಸೆಯುವ ಪುಟ್ಟ ಗುಂಡುಗಳನ್ನು ಕೂರಿಸಿರುತ್ತಾರೆ. ಕೋಣೆಯಲ್ಲಿರುವ ಇನ್‌ಫ್ರಾರೆಡ್ ಕ್ಯಾಮೆರಾ ಅವುಗಳನ್ನು ನೋಡುತ್ತಲೇ ಇರುತ್ತದೆ. ಆಮೇಲೆ ಚರ್ಮಕ್ಕೆ ಅಂಟಿಸಿದ ಗುರುತುಗಳನ್ನು ಒಂದೊಂದಾಗಿ ಮುಟ್ಟಿ, ಇಲ್ಲವೇ ಮುಖದ ಮೇಲೆ ಲೇಸರ್ ಆಡಿಸಿ, ಸ್ಕ್ಯಾನ್‌ನ ಆಕಾರಕ್ಕೆ ಹೊಂದಿಸುತ್ತಾರೆ. ಕಂಪ್ಯೂಟರ್ ಲೆಕ್ಕ ಹಾಕಿ ಒಂದು ಸಂಖ್ಯೆ ತೋರಿಸುತ್ತದೆ, ಉದಾಹರಣೆಗೆ 0.8 ಮಿಲಿಮೀಟರ್.

ಆ ಸಂಖ್ಯೆಯನ್ನು ನೋಡಿ ನೆಮ್ಮದಿ ಪಡುವುದು ತಪ್ಪು. ಅದು ಹೇಳುವುದು ಇಷ್ಟೇ: ನೀವು ಮುಟ್ಟಿದ ಗುರುತುಗಳು ಸ್ಕ್ಯಾನ್‌ನ ಗುರುತುಗಳಿಗೆ ಎಷ್ಟು ಚೆನ್ನಾಗಿ ಕೂತವು ಎಂದು. ಆಳದಲ್ಲಿರುವ ಕೆರೋಟಿಡ್ ಹತ್ತಿರ ಗೆರೆ ಎಷ್ಟು ತಪ್ಪಿದೆ ಎನ್ನುವುದು ಅದರಲ್ಲಿ ಇಲ್ಲ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೈಕಲ್ ಫಿಟ್ಜ್‌ಪ್ಯಾಟ್ರಿಕ್ 2009ರಲ್ಲಿ ಇದನ್ನು ಗಣಿತದಿಂದಲೇ ತೋರಿಸಿದರು. ಗುರುತುಗಳಲ್ಲಿನ ತಪ್ಪಿಗೂ ಗುರಿಯಲ್ಲಿನ ತಪ್ಪಿಗೂ ಪರಸ್ಪರ ಸಂಬಂಧವೇ ಇಲ್ಲ. ಒಬ್ಬ ರೋಗಿಯಲ್ಲಿ ಪರದೆಯ ಸಂಖ್ಯೆ ಚೆನ್ನಾಗಿ ಬಂತು ಎಂದ ಮಾತ್ರಕ್ಕೆ ಅವರ ಗೆರೆ ಸರಿ ಇದೆ ಎಂದು ಹೇಳುವಂತಿಲ್ಲ. ಇಷ್ಟು ಮುಖ್ಯವಾದ ಮಾತು ಆಪರೇಷನ್ ಥಿಯೇಟರ್‌ಗಳಲ್ಲಿ ಇನ್ನೂ ಸಾಕಷ್ಟು ಕೇಳಿಬರಬೇಕಿದೆ ಎಂದು ನನಗೆ ಅನಿಸುತ್ತದೆ.

ಗುರುತುಗಳು ಇರುವುದು ಮುಖದ ಮೇಲೆ, ಗುರಿ ಇರುವುದು ತಲೆಯ ಒಳಗೆ. ಬಾಗಿಲು ಕೀಲಿನ ಹತ್ತಿರ ಕೂದಲೆಳೆಯಷ್ಟು ತಿರುಗಿದರೆ ಚಿಲಕದ ತುದಿ ಬೆರಳಗಲ ಸರಿದಿರುತ್ತದೆ. ಹಾಗೆಯೇ ಮುಖದ ಹತ್ತಿರ ಕಾಣದಷ್ಟು ಚಿಕ್ಕ ತಿರುವು ಗುರುತುಗಳಿಂದ ದೂರ ಹೋದಷ್ಟೂ ದೊಡ್ಡದಾಗುತ್ತದೆ. ಮುಖದ ಗುರುತುಗಳನ್ನೇ ನಂಬಿ ಕಿವಿಯ ಹಿಂದಿನ ಆಪರೇಷನ್ ಮಾಡಿದರೆ ತಪ್ಪು ಜಾಸ್ತಿಯಾಗುವುದು ಇದಕ್ಕೇ.

ಇನ್ನೊಂದು ಕಷ್ಟ ಚರ್ಮದ್ದು. ಸ್ಕ್ಯಾನ್ ತೆಗೆಯುವಾಗ ರೋಗಿ ಅಂಗಾತ ಮಲಗಿರುತ್ತಾರೆ. ಆಪರೇಷನ್‌ನಲ್ಲಿ ಪಕ್ಕಕ್ಕೆ ಮಲಗಿಸಿರಬಹುದು. ಕೆನ್ನೆಯ ಚರ್ಮ ಜೋಲುತ್ತದೆ, ಹಿಡಿಕೆಯ ಮೊನೆಗಳು ನೆತ್ತಿಯ ಚರ್ಮವನ್ನು ಎಳೆಯುತ್ತವೆ. ಮೂಳೆಗೇ ಕೂರಿಸಿದ ಚಿಕ್ಕ ಸ್ಕ್ರೂಗಳನ್ನು ಗುರುತಾಗಿ ಬಳಸಿದರೆ ತಪ್ಪು ಬಹಳ ಕಡಿಮೆ, ಆದರೆ ಅದಕ್ಕೆ ರೋಗಿ ಇನ್ನೊಂದು ಚುಚ್ಚುವಿಕೆ ಸಹಿಸಬೇಕು. ಥಿಯೇಟರ್‌ನಲ್ಲೇ ಸಿಟಿ ಯಂತ್ರ ಇದ್ದರೆ ತಲೆ ಬಿಗಿದ ಮೇಲೆ ಹೊಸ ಸ್ಕ್ಯಾನ್ ತೆಗೆದು ಹೊಂದಿಸಬಹುದು. ಅದು ಒಳ್ಳೆಯ ದಾರಿ. ಆದರೆ ಯಂತ್ರ ದುಬಾರಿ, ರೋಗಿಗೆ ಸ್ವಲ್ಪ ವಿಕಿರಣವೂ ತಗಲುತ್ತದೆ.

ತಪ್ಪುಗಳು ಒಂದರ ಮೇಲೊಂದು ಕೂಡುತ್ತವೆ. ಸಿಟಿಯ ಪದರಗಳ ದಪ್ಪ ಸಾಮಾನ್ಯವಾಗಿ 0.5ರಿಂದ 1 ಮಿಲಿಮೀಟರ್. ಸಿಟಿಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ, ಎಂಆರ್‌ಐನಲ್ಲಿ ಗಡ್ಡೆ ಮತ್ತು ನರ ಚೆನ್ನಾಗಿ ಕಾಣುತ್ತವೆ, ಹಾಗಾಗಿ ಎರಡನ್ನೂ ಸೇರಿಸಬೇಕು. ಆ ಸೇರಿಕೆಯಲ್ಲೂ ತಪ್ಪಿದೆ. ಕೆರೋಟಿಡ್‌ನ ಅಂಚು ಎಲ್ಲಿದೆ ಎಂದು ಒಬ್ಬರು ಕೂತು ಗೆರೆ ಎಳೆಯುತ್ತಾರೆ, ಈಗೀಗ ಎಐ ಎಳೆಯುತ್ತದೆ. ಅದರಲ್ಲೂ ತಪ್ಪಿದೆ. ಸ್ಕ್ಯಾನ್‌ನಿಂದ 0.5, ಸೇರಿಕೆಯಿಂದ 1, ಹೊಂದಾಣಿಕೆಯಿಂದ 1 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಇವು ಒಂದಕ್ಕೊಂದು ಸಂಬಂಧ ಇಲ್ಲದ ತಪ್ಪುಗಳಾದರೆ ಒಟ್ಟು 1.5 ಮಿಲಿಮೀಟರ್ ಆಗುತ್ತದೆ. ಇಂದಿನ ನ್ಯಾವಿಗೇಶನ್ ಒಳ್ಳೆಯ ಸ್ಥಿತಿಯಲ್ಲಿ ಕೊಡುವ ನಿಖರತೆಯೂ 1ರಿಂದ 2 ಮಿಲಿಮೀಟರ್ ಆಸುಪಾಸಿನದೇ. ದೊಡ್ಡ ಗಡ್ಡೆಯ ಅಂಚು ಹುಡುಕಲು ಇದು ಧಾರಾಳ ಸಾಕು. 1 ಮಿಲಿಮೀಟರ್ ದಪ್ಪದ ಮುಖದ ನರದ ಪಕ್ಕದಲ್ಲಿ ಡ್ರಿಲ್ ಮಾಡಲು ಸಾಲದು.

ಎಆರ್‌ನಲ್ಲಿ ಇದರ ಮೇಲೆ ಇನ್ನಷ್ಟು ಸೇರುತ್ತದೆ. ಎಂಡೋಸ್ಕೋಪಿನ ಅಗಲ ಕಣ್ಣು ಚಿತ್ರದ ಅಂಚುಗಳನ್ನು ಬಾಗಿಸುತ್ತದೆ, ಗೆರೆಯನ್ನೂ ಅಷ್ಟೇ ಬಾಗಿಸಬೇಕು. ಓರೆ ಕಣ್ಣಿನ ಎಂಡೋಸ್ಕೋಪನ್ನು ತಿರುಗಿಸಿದರೆ ಲೆಕ್ಕವೇ ಬದಲಾಗುತ್ತದೆ. ಮೈಕ್ರೋಸ್ಕೋಪಿನ ಜೂಮ್ ಬದಲಾಯಿಸಿದಾಗಲೂ ಹಾಗೇ. ಕೈ ಅಲ್ಲಾಡಿದಾಗ ಗೆರೆ ಅರೆಕ್ಷಣ ತಡವಾಗಿ ಹಿಂಬಾಲಿಸುತ್ತದೆ.

ಇಷ್ಟೆಲ್ಲ ಇದ್ದರೂ ಎಆರ್‌ಗೆ ತಲೆಯೊಳಗೆ ಅತಿ ಒಳ್ಳೆಯ ಜಾಗ ಎಂದರೆ ಬುರುಡೆಯ ತಳವೇ. ಯಾಕೆಂದರೆ ಮೂಳೆ ಅಲುಗುವುದಿಲ್ಲ. ಮಿದುಳಿನ ಮಧ್ಯದ ಗಡ್ಡೆಗೆ ಹೋಗುವಾಗ ಹೊದಿಕೆ ಬಿಚ್ಚಿ, ಸುತ್ತಲಿನ ದ್ರವ ಹರಿದುಹೋದ ಕೂಡಲೇ ಮಿದುಳು ಕುಸಿಯುತ್ತದೆ. ಕೆಲವೊಮ್ಮೆ 1 ಸೆಂಟಿಮೀಟರ್‌ಗೂ ಹೆಚ್ಚು. ಆಗ ಬೆಳಗಿನ ಸ್ಕ್ಯಾನ್ ಸುಳ್ಳಾಗುತ್ತದೆ. ಬುರುಡೆಯ ತಳದಲ್ಲಿ ಮೂಳೆಯೊಳಗೆ ಹುದುಗಿರುವ ಕೆರೋಟಿಡ್, ಮೂಳೆಯ ಕಾಲುವೆಯಲ್ಲಿ ಸಾಗುವ ಮುಖದ ನರ, ಒಳಕಿವಿ, ಇವು ಆಪರೇಷನ್ ಮುಗಿಯುವವರೆಗೂ ಇದ್ದಲ್ಲೇ ಇರುತ್ತವೆ. ಹೀಗಾಗಿ ಈ ಜಾಗದಲ್ಲಿ ಗೆರೆ ಬಹಳ ಹೊತ್ತು ಸರಿಯಾಗಿ ಉಳಿಯಬಲ್ಲದು. ತಪ್ಪಿದರೆ ಬೆಲೆ ತೆರಬೇಕಾದ್ದೂ ಇಲ್ಲೇ ಜಾಸ್ತಿ.

ಮೂಳೆ ದಾಟಿ ಒಳಗೆ ಹೋದ ಮೇಲೆ ಮಾತು ಬೇರೆ. ಅಕೌಸ್ಟಿಕ್ ನ್ಯೂರೋಮಾ ದೊಡ್ಡದಾದಾಗ ಮುಖದ ನರ ಅದರ ಮೈಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಮಾಮೂಲಿ ಎಂಆರ್‌ಐನಲ್ಲಿ ಕಾಣುವುದೇ ಕಷ್ಟ. ನೀರಿನ ಕಣಗಳ ಚಲನೆಯಿಂದ ನರದ ದಾರಿ ಊಹಿಸುವ ಟ್ರ್ಯಾಕ್ಟೋಗ್ರಫಿ ಎಂಬ ವಿಧಾನ ಇದೆ, ಪ್ರಯೋಜನವೂ ಇದೆ, ಆದರೆ ಅದು ಊಹೆಯೇ. ಗಡ್ಡೆಯ ಒಳಭಾಗ ತೆಗೆಯುತ್ತಿದ್ದಂತೆ ಅದು ಕುಗ್ಗುತ್ತದೆ, ನರವೂ ಜೊತೆಗೆ ಸರಿಯುತ್ತದೆ. ಆಗಲೂ ಪರದೆಯ ಮೇಲಿನ ಹಳದಿ ಗೆರೆ ಮೊದಲಿದ್ದ ಜಾಗದಲ್ಲೇ, ಅಷ್ಟೇ ಸ್ಪಷ್ಟವಾಗಿ ಹೊಳೆಯುತ್ತಿರುತ್ತದೆ. ಮೂಳೆಯೊಳಗಿನ ನರಕ್ಕೂ ಗಡ್ಡೆಯ ಮೇಲಿನ ನರಕ್ಕೂ ಒಂದೇ ದಪ್ಪದ, ಒಂದೇ ಬಣ್ಣದ ಗೆರೆ ಎಳೆಯುವುದು ನನ್ನ ಪ್ರಕಾರ ದೊಡ್ಡ ತಪ್ಪು. ಒಂದು ಅಳತೆ, ಇನ್ನೊಂದು ಊಹೆ.

ಗೆರೆ ನೋಡುತ್ತಾ ಮೂಳೆ ಮರೆತಾಗ

ಗೆರೆ ನೂರಕ್ಕೆ ನೂರು ಸರಿ ಇದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ತೊಂದರೆ ಉಳಿಯುತ್ತದೆ, ಅದು ಮನುಷ್ಯರ ಗಮನದ್ದು.

ಕೆನಡಾದ ಟೊರಾಂಟೊದಲ್ಲಿ ಬೆಂಜಮಿನ್ ಡಿಕ್ಸನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಸರ್ಜನ್‌ಗಳಿಗೂ ತರಬೇತಿಯಲ್ಲಿರುವವರಿಗೂ ಮೃತದೇಹದ ಮೇಲೆ ಎಂಡೋಸ್ಕೋಪ್ ಹಿಡಿದು ಒಂದು ಗುರಿ ತಲುಪುವ ಕೆಲಸ ಕೊಟ್ಟರು. ಒಂದು ಗುಂಪಿಗೆ ಸಾಮಾನ್ಯ ವಿಡಿಯೋ, ಇನ್ನೊಂದಕ್ಕೆ ಎಆರ್ ಗೆರೆಗಳಿರುವ ವಿಡಿಯೋ. ಅವರಿಗೆ ಹೇಳದೆ ಗುರಿಯ ಹತ್ತಿರವೇ ಎರಡು ವಿಷಯಗಳನ್ನು ಇಟ್ಟಿದ್ದರು. ಒಂದು ಗಂಭೀರ ತೊಡಕಿನ ಗುರುತು, ಇನ್ನೊಂದು ಅಲ್ಲಿರಬಾರದ ಸ್ಕ್ರೂ.

ಎಆರ್ ಗುಂಪು ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿತು. ಸಾಮಾನ್ಯ ಗುಂಪಿನ ತಪ್ಪು 4 ಮಿಲಿಮೀಟರ್ ಆಸುಪಾಸು ಇದ್ದರೆ ಇವರದು 2 ಮಿಲಿಮೀಟರ್ ಆಸುಪಾಸು. ಆದರೆ ಸಾಮಾನ್ಯ ಗುಂಪಿನ 17 ಜನರಲ್ಲಿ 12 ಮಂದಿ ಆ ಎರಡರಲ್ಲಿ ಒಂದನ್ನಾದರೂ ಗಮನಿಸಿದರು. ಎಆರ್ ಗುಂಪಿನ 15 ಜನರಲ್ಲಿ ಗಮನಿಸಿದ್ದು ಒಬ್ಬರು ಮಾತ್ರ. ಎರಡೂ ಕಣ್ಣೆದುರಿಗೇ ಇದ್ದವು, ಯಾವುದರ ಹಿಂದೆಯೂ ಮರೆಯಾಗಿರಲಿಲ್ಲ.

ಇದು ಆ ಸರ್ಜನ್‌ಗಳ ಅಜಾಗರೂಕತೆ ಅಲ್ಲ. ಗಮನ ಕೆಲಸ ಮಾಡುವುದೇ ಹಾಗೆ. ಹೊಳೆಯುವ ಗೆರೆಯನ್ನು ಹಿಂಬಾಲಿಸುವ ಕಣ್ಣು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಪೈಲಟ್‌ಗಳ ಮುಂದಿನ ಗಾಜಿನ ಮೇಲೆ ಮಾಹಿತಿ ತೋರಿಸುವ ಯಂತ್ರಗಳಲ್ಲೂ ಇದೇ ಸಮಸ್ಯೆ ಎಷ್ಟೋ ಮೊದಲೇ ಕಂಡಿತ್ತು. ಬುರುಡೆಯ ತಳದಲ್ಲಿ ಇದರ ಅರ್ಥ ಬಹಳ ನೇರ. ಮೂಳೆಯ ಬಣ್ಣ ತುಸು ಬದಲಾಗುವುದು, ಒಂದು ಹನಿ ರಕ್ತ ಒಸರುವುದು, ಸ್ವಚ್ಛ ದ್ರವ ಜಿನುಗುವುದು, ಇಂಥ ಚಿಕ್ಕ ಸೂಚನೆಗಳನ್ನು ಓದಿಯೇ ಪಳಗಿದ ಸರ್ಜನ್‌ಗಳು ಅಪಾಯದಿಂದ ದೂರ ಉಳಿಯುತ್ತಾರೆ. ಆ ಸೂಚನೆಗಳ ಮೇಲೆ ಬಣ್ಣ ಬಳಿದರೆ ನಷ್ಟ ಯಾರಿಗೆ?

ಆಳದ ಅಂದಾಜು ಕೂಡ ಕೈಕೊಡುತ್ತದೆ. ಮೂಳೆಯ ಹಿಂದಿರುವ ನಾಳವನ್ನು ಮೂಳೆಯ ಮೇಲೆ ಬಿಡಿಸಿದಾಗ ಕಣ್ಣಿಗೆ ಅದು ಮೂಳೆಯ ಮುಂದೆ ತೇಲುತ್ತಿರುವಂತೆ ಕಾಣುತ್ತದೆ. ಇದು ಇಲ್ಲಿದೆ ಎಂದು ತಿಳಿಯುತ್ತದೆ, ಎಷ್ಟು ಆಳದಲ್ಲಿದೆ ಎಂದು ತಿಳಿಯುವುದಿಲ್ಲ. ಡ್ರಿಲ್ ಹಿಡಿದವರಿಗೆ ಬೇಕಾದ್ದು ಎರಡನೆಯದು, ಅಲ್ವಾ? ಇದಕ್ಕೆ ಕೆಲವು ಉಪಾಯಗಳಿವೆ. ಇಡೀ ನಾಳಕ್ಕೆ ಬಣ್ಣ ತುಂಬುವ ಬದಲು ಅಂಚನ್ನಷ್ಟೇ ಎಳೆಯುವುದು, ಡ್ರಿಲ್ ಹತ್ತಿರವಾದಂತೆ ಬಣ್ಣ ಬದಲಿಸುವುದು, ಉಳಿದ ದೂರವನ್ನು ಶಬ್ದದಿಂದ ಹೇಳುವುದು. ನನಗೆ ಶಬ್ದದ ದಾರಿ ಹೆಚ್ಚು ಸರಿ ಎನಿಸುತ್ತದೆ. ಕಿವಿಗೆ ಹೇಳಿದರೆ ಕಣ್ಣು ಮೂಳೆಯ ಮೇಲೆಯೇ ಉಳಿಯುತ್ತದೆ.

ಹೆಡ್‌ಸೆಟ್‌ಗಳ ಕಷ್ಟ ಇನ್ನೂ ಜಾಸ್ತಿ. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2016ರಲ್ಲಿ ಬಂದಾಗ ಆಪರೇಷನ್ ಥಿಯೇಟರ್‌ಗಳಲ್ಲಿ ಭಾರಿ ಉತ್ಸಾಹ ಹುಟ್ಟಿತು. ಅದರ ಚಿತ್ರ ಕಣ್ಣಿಗೆ ಸುಮಾರು 2 ಮೀಟರ್ ದೂರದಲ್ಲಿ ಫೋಕಸ್ ಆಗುತ್ತದೆ. ಸರ್ಜನ್ ಕೈ ಇರುವುದು ಅರ್ಧ ಮೀಟರ್ ಒಳಗೆ. ಗೆರೆ ಸ್ಪಷ್ಟವಾದರೆ ಕೈ ಮಸುಕು, ಕೈ ಸ್ಪಷ್ಟವಾದರೆ ಗೆರೆ ಮಸುಕು. ಕಣ್ಣು ದಣಿಯುತ್ತದೆ, ತಲೆ ಭಾರವಾಗುತ್ತದೆ. ಎಲ್ಲಿ ಕೊಯ್ಯಬೇಕು, ಮೂಳೆಯ ಕಿಟಕಿ ಎಷ್ಟು ದೊಡ್ಡದಿರಬೇಕು ಎಂದು ಚರ್ಮದ ಮೇಲೆ ಗುರುತು ಹಾಕಲು ಇದು ಚೆನ್ನಾಗಿದೆ. ಒಳಗೆ ಮಿಲಿಮೀಟರ್ ಕೆಲಸಕ್ಕೆ ಆಗದು. ಜೊತೆಗೆ 2024ರಲ್ಲಿ ಮೈಕ್ರೋಸಾಫ್ಟ್ ಹೋಲೋಲೆನ್ಸ್ 2ರ ತಯಾರಿಕೆಯನ್ನೇ ನಿಲ್ಲಿಸಿತು. ಬೇರೆ ಬಳಕೆಗೆ ಮಾಡಿದ ಯಂತ್ರದ ಮೇಲೆ ಚಿಕಿತ್ಸೆಯ ಸಾಫ್ಟ್‌ವೇರ್ ಕಟ್ಟಿದರೆ ಈ ಅಪಾಯ ಇದ್ದೇ ಇರುತ್ತದೆ.

ಬೆನ್ನೆಲುಬಿನ ಆಪರೇಷನ್‌ನಲ್ಲಿ ಹೆಡ್‌ಸೆಟ್ ಗೆದ್ದಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಆಗ್‌ಮೆಡಿಕ್ಸ್ ಕಂಪನಿಯ ಎಕ್ಸ್‌ವಿಷನ್‌ಗೆ 2019ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಔಷಧಿ ಮತ್ತು ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಅದು ಬೆನ್ನೆಲುಬಿಗೆ ಸ್ಕ್ರೂ ಹಾಕಲು ಬಳಕೆಯಲ್ಲಿದೆ. ಆದರೆ ಅಲ್ಲಿ ಸ್ಕ್ರೂ ಹೋಗುವ ಮೂಳೆಯ ದಾರಿಯೇ ಸಾಮಾನ್ಯವಾಗಿ ಹಲವು ಮಿಲಿಮೀಟರ್ ಅಗಲ ಇರುತ್ತದೆ. ಅಲ್ಲಿ ಗೆದ್ದದ್ದನ್ನು ನೇರವಾಗಿ ಇಲ್ಲಿಗೆ ತಂದು ಕೂರಿಸಲು ಬರುವುದಿಲ್ಲ.

ತನ್ನ ತಪ್ಪನ್ನು ತಾನೇ ತೋರಿಸುವ ಗೆರೆ

ಎಆರ್‌ಗೆ ಮಾಮೂಲಿ ನ್ಯಾವಿಗೇಶನ್‌ಗೆ ಇಲ್ಲದ ಒಂದು ಶಕ್ತಿ ಇದೆ. ಅದನ್ನು ಸರಿಯಾಗಿ ಬಳಸುತ್ತಿಲ್ಲ ಎನ್ನುವುದು ನನ್ನ ಮುಖ್ಯ ತಕರಾರು.

ನ್ಯಾವಿಗೇಶನ್ ಪರದೆಯಲ್ಲಿ ತಪ್ಪು ಕಾಣುವುದಿಲ್ಲ. ಸ್ಕ್ಯಾನ್ ಒಂದು ಕಡೆ, ರೋಗಿ ಒಂದು ಕಡೆ, ಎರಡರ ನಡುವಿನ ಅಂತರ ಯಾರಿಗೂ ಕಾಣದು. ಎಆರ್‌ನಲ್ಲಿ ಎರಡೂ ಒಂದೇ ಚಿತ್ರದಲ್ಲಿವೆ. ಹಾಗಿದ್ದ ಮೇಲೆ ಕಾಣದ ಕೆರೋಟಿಡ್‌ನ ಜೊತೆ ಕಣ್ಣಿಗೆ ಕಾಣುವ ಮೂಳೆಯ ಅಂಚನ್ನೂ ಬಿಡಿಸಿದರೆ ಏನಾಗುತ್ತದೆ? ಮೂಗಿನ ಹಿಂಭಾಗದ ಸ್ಫೆನಾಯ್ಡ್ ಗೂಡಿನ ನಡುಗೋಡೆ, ಕಣ್ಣಿನ ನರಕ್ಕೂ ಕೆರೋಟಿಡ್‌ಗೂ ನಡುವೆ ಇರುವ ಪುಟ್ಟ ತಗ್ಗು, ಇವೆಲ್ಲ ಎಂಡೋಸ್ಕೋಪಿನಲ್ಲಿ ನೇರ ಕಾಣುತ್ತವೆ. ಅವುಗಳ ಗೆರೆ ಅವುಗಳ ಮೇಲೆಯೇ ಕೂತರೆ ಪಕ್ಕದ ಕೆರೋಟಿಡ್ ಗೆರೆಯನ್ನು ಸ್ವಲ್ಪ ಧೈರ್ಯದಿಂದ ನಂಬಬಹುದು. ಗೆರೆ ಪಕ್ಕಕ್ಕೆ ಸರಿದು ನಿಂತಿದ್ದರೆ ತಪ್ಪು ಎಷ್ಟು, ಯಾವ ದಿಕ್ಕಿಗೆ ಎನ್ನುವುದು ಕಣ್ಣೆದುರಿಗೇ ಸಿಗುತ್ತದೆ. ಮೇಲ್ಮೈಯಲ್ಲಿ ಹೊಂದಿತು ಎಂದ ಕೂಡಲೇ ಆಳದಲ್ಲೂ ಹೊಂದಿರಲೇಬೇಕು ಎಂದಲ್ಲ. ಆದರೂ 0.8 ಎನ್ನುವ ಒಂಟಿ ಸಂಖ್ಯೆಗಿಂತ ಇದು ಎಷ್ಟೋ ಮೇಲು. ಗುರಿಗೆ ಹತ್ತಿರದಲ್ಲೇ, ಆಗಿನ ಗಳಿಗೆಯಲ್ಲೇ ನಡೆಯುವ ಪರೀಕ್ಷೆ ಇದು.

ಆದರೆ ಪ್ರದರ್ಶನದ ಚಿತ್ರಗಳಲ್ಲಿ ಎದ್ದು ಕಾಣುವುದು ಹೆಚ್ಚಾಗಿ ಅಡಗಿರುವ ಭಾಗಗಳೇ. ಕಾಣುವ ಮೂಳೆಯ ಮೇಲೆ ಗೆರೆ ಎಳೆಯುವುದು ಸುಮ್ನೆ ಗಲೀಜು ಎನಿಸಬಹುದು. ನಿಜಕ್ಕೂ ಅದು ಅತಿ ಮುಖ್ಯವಾದ ಗೆರೆ.

ಗೆರೆಯ ದಪ್ಪವೂ ಮಾತಾಡಬೇಕು. ತಪ್ಪು 1.5 ಮಿಲಿಮೀಟರ್ ಇರಬಹುದು ಎಂದು ಲೆಕ್ಕ ಹೇಳಿದರೆ ನಾಳದ ಸುತ್ತ ಅಷ್ಟು ಅಗಲದ ಮಸುಕಾದ ಪಟ್ಟಿ ಕಾಣಬೇಕು, ಕೂದಲೆಳೆಯಂಥ ಚೂಪು ಗೆರೆ ಅಲ್ಲ. ಗುರುತುಗಳಿಂದ ದೂರ ಹೋದಂತೆ ಪಟ್ಟಿ ಅಗಲವಾಗಬೇಕು. ಲೆಕ್ಕದ ಸೂತ್ರಗಳು 1990ರ ದಶಕದಿಂದಲೇ ಇವೆ. ಅವನ್ನು ಚಿತ್ರಕ್ಕೆ ತರುವುದು ಕಂಪನಿಗಳಿಗೆ ಇಷ್ಟವಾಗದಿರಬಹುದು, ಯಾಕೆಂದರೆ ಮಸುಕಾದ ಪಟ್ಟಿ ಜಾಹೀರಾತಿನಲ್ಲಿ ಚಂದ ಕಾಣುವುದಿಲ್ಲ.

ಇನ್ನೊಂದು ಮಾತು ಸಮಯದ್ದು. ಎಆರ್ ಗೆರೆ ಸ್ಕ್ಯಾನ್ ತೆಗೆದ ಹೊತ್ತಿನ ಸುದ್ದಿ. ಥಿಯೇಟರ್‌ನಲ್ಲಿ ಈಗಿನ ಸುದ್ದಿ ಕೊಡುವ ಉಪಕರಣಗಳು ಆಗಲೇ ಇವೆ. ಮೂಳೆಯ ಮೇಲೆ ಡಾಪ್ಲರ್ ಎಂಬ, ಶಬ್ದದ ಅಲೆಗಳಿಂದ ರಕ್ತದ ಹರಿವು ಪತ್ತೆಹಚ್ಚುವ ಉಪಕರಣ ಇಟ್ಟರೆ ಹಿಂದಿರುವ ಕೆರೋಟಿಡ್‌ನ ರಕ್ತದ ಸದ್ದು ಕೇಳುತ್ತದೆ. ಸಣ್ಣ ವಿದ್ಯುತ್ ಹರಿಸಿದಾಗ ಮುಖದ ಸ್ನಾಯು ಮಿಡಿದರೆ ನರ ಅಲ್ಲೇ ಇದೆ ಎಂದು ತಿಳಿಯುತ್ತದೆ. ನರದ ಹತ್ತಿರ ಹೋದ ಮೇಲೆ ಇವುಗಳೇ ಕೊನೆಯ ಮಾತು ಹೇಳಬೇಕು. ಎಆರ್ ದೂರದಿಂದ ದಾರಿ ತೋರಿಸಲಿ, ಮೂಳೆಯ ಮೊದಲ ಪದರಗಳನ್ನು ತೆಗೆಯಲು, ಹಿಂದೊಮ್ಮೆ ಆಪರೇಷನ್ ಆಗಿ ಗುರುತುಗಳೆಲ್ಲ ಅಳಿಸಿಹೋದ ತಲೆಯಲ್ಲಿ ದಿಕ್ಕು ಹಿಡಿಯಲು ನೆರವಾಗಲಿ. ಕೊನೆಯ 2 ಮಿಲಿಮೀಟರ್ ಬಂದಾಗ ಗೆರೆ ತಾನಾಗಿ ಮಾಸಿಹೋಗುವಂತೆ ಮಾಡುವುದು ಒಳ್ಳೆಯದು. ಹಿಂದಿನ ಆಪರೇಷನ್‌ನಿಂದ ಅಂಗರಚನೆ ಕೆಟ್ಟಿರುವ ರೋಗಿಗಳಿಗೇ ಈ ತಂತ್ರದಿಂದ ಅತಿ ಹೆಚ್ಚು ಲಾಭ ಆಗಬಹುದು ಎಂದು ನನ್ನ ಅನಿಸಿಕೆ. ತರಬೇತಿಯಲ್ಲಿ ಇದರ ಉಪಯೋಗದ ಬಗ್ಗೆಯಂತೂ ಎರಡು ಮಾತಿಲ್ಲ. ಕಲಿಯುವವರು ಮೂಳೆಯ ಮಾದರಿಯ ಮೇಲೆ ಗೆರೆ ಹಚ್ಚಿ, ಆರಿಸಿ, ಮತ್ತೆ ಹಚ್ಚಿ ಅಭ್ಯಾಸ ಮಾಡಬಹುದು.

ರೋಗಿಗೆ ಒಳ್ಳೆಯದಾಯಿತಾ?

ಈಗ ಸಾಕ್ಷ್ಯದ ವಿಷಯ. ಈ ಕ್ಷೇತ್ರದ ಅಧ್ಯಯನಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಮಾದರಿಗಳ ಮೇಲೆ, ಮೃತದೇಹಗಳ ಮೇಲೆ, ಇಲ್ಲವೇ ಕೆಲವೇ ರೋಗಿಗಳ ಮೇಲೆ ನಡೆದವು. ಅವು ಅಳೆಯುವುದು ಗೆರೆಯ ನಿಖರತೆಯನ್ನು, ಸರ್ಜನ್‌ಗೆ ಎಷ್ಟು ಇಷ್ಟವಾಯಿತು ಎನ್ನುವುದನ್ನು. ರೋಗಿಗೆ ಏನಾಯಿತು ಎಂದು ಅಳೆಯುವುದು ಕಡಿಮೆ.

ಅದಕ್ಕೆ ಒಂದು ನಿಜವಾದ ಅಡ್ಡಿಯೂ ಇದೆ. ಮೂಗಿನ ದಾರಿಯ ಮಾಮೂಲಿ ಪಿಟ್ಯುಟರಿ ಆಪರೇಷನ್‌ನಲ್ಲಿ ಕೆರೋಟಿಡ್‌ಗೆ ಪೆಟ್ಟಾಗುವುದು 100ರಲ್ಲಿ 1ಕ್ಕಿಂತ ಕಡಿಮೆ. ಆದಾಗ ಮಾತ್ರ ಜೀವಕ್ಕೇ ಕುತ್ತು. ಇಂಥ ಅಪರೂಪದ ಅವಘಡವನ್ನು ಎಆರ್ ತಗ್ಗಿಸುತ್ತದೆ ಎಂದು ತೋರಿಸುವುದು ಸುಲಭವಲ್ಲ. 200ಕ್ಕೆ 1 ಇರುವುದು 400ಕ್ಕೆ 1 ಆಗುತ್ತದೆ ಎಂದು ಖಚಿತಪಡಿಸಲು ಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕದಲ್ಲಿ ಪ್ರತಿ ಗುಂಪಿನಲ್ಲೂ 9,000ಕ್ಕೂ ಹೆಚ್ಚು ರೋಗಿಗಳು ಬೇಕು. ಯಾವ ಒಂದು ಆಸ್ಪತ್ರೆಯಿಂದಲೂ ಅದು ಆಗದು.

ಹಾಗೆಂದು ಕೈಚೆಲ್ಲಬೇಕಿಲ್ಲ. ಹಲವು ದೇಶಗಳ ಕೇಂದ್ರಗಳು ಸೇರಿ ಒಂದೇ ದಾಖಲೆ ಇಡಬಹುದು. ಆಪರೇಷನ್ ಆದ ಮೇಲೆ ಮುಖದ ನರ ಹೇಗಿದೆ ಎಂದು ಹೇಳಲು 1985ರಿಂದ ಹೌಸ್–ಬ್ರ್ಯಾಕ್‌ಮನ್ ಎಂಬ 6 ಹಂತಗಳ ಅಳತೆ ಇದೆ. ಗಡ್ಡೆ ಎಷ್ಟು ಉಳಿಯಿತು ಎಂದು ಎಂಆರ್‌ಐ ಹೇಳುತ್ತದೆ. ಕೇಳುವ ಶಕ್ತಿ, ದೃಷ್ಟಿ, ಆಪರೇಷನ್‌ಗೆ ಹಿಡಿದ ಸಮಯ, ಎಲ್ಲಕ್ಕೂ ಅಳತೆಗಳಿವೆ. ಈ ಪಟ್ಟಿಗೆ ಇನ್ನು ಎರಡು ಅಂಕಣಗಳು ಸೇರಬೇಕು. ಎಆರ್ ಗೆರೆ ತಪ್ಪಿದ ಜಾಗದಲ್ಲಿತ್ತು ಎಂದು ಎಷ್ಟು ಸಲ ಕಂಡುಬಂತು? ಅದು ಗೊತ್ತಾಗಿದ್ದು ಡ್ರಿಲ್ ಶುರುವಾಗುವ ಮುಂಚೆಯೋ ಆಮೇಲೆಯೋ?